ಪಕ್ಕದಲ್ಲಿ ಕೂತು ಬರೆಯೋರು ಬೇಕು

ಕಣ್ಣು ಕಾಣದ ವಿದ್ಯಾರ್ಥಿಗಳ ಪರೀಕ್ಷೆಯನ್ನ ಅವರ ಪಕ್ಕ ಕೂತು ಬರೆದುಕೊಡೋರಿಗೆ ಸ್ಕ್ರೈಬ್ ಅಂತಾರೆ. ಪ್ರಶ್ನೆ ಓದಬೇಕು, ಅವರು ಹೇಳಿದ ಉತ್ತರವನ್ನ ಹಾಗೆಯೇ ಬರೀಬೇಕು. ತಪ್ಪು ಅಂತ ಗೊತ್ತಾದರೂ ತಿದ್ದೋ ಹಾಗಿಲ್ಲ! ನನ್ನ ಪ್ರಕಾರ ಈ ಸೇವೆಯ ದೊಡ್ಡತನ ಇರೋದೇ ಇಲ್ಲಿ: ಬರೆಯೋ ಕೈ ನಿಮ್ಮದು, ಬರೋ ಅಂಕ ಪೂರ್ತಿ ಅವರದು.

ಕೇಂದ್ರದ ಮಾರ್ಗಸೂಚಿಯಲ್ಲಿ ಇಂಥ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. ಮೂರು ಗಂಟೆ ಪೇಪರ್‌ಗೆ ನೀವು ನಾಲ್ಕು ಗಂಟೆ ಕೂರಬೇಕು. ಸ್ಕ್ರೈಬ್ ಓದು ಅಭ್ಯರ್ಥಿಗಿಂತ ಕಡಿಮೆ ಇರಬೇಕು ಅನ್ನೋದೂ ಉಂಟು. ಹಾಗಾಗಿ ಪಿಯು ಹುಡುಗ ಹುಡುಗಿಯರೇ, ಡಿಗ್ರಿ ಪರೀಕ್ಷೆಗೆ ಬೇಕಾಗಿರೋದು ನೀವು!

ಸ್ಪಷ್ಟವಾಗಿ ಓದ್ತೀರಾ? ಬೇಗ ಬರೀತೀರಾ? ಹತ್ತಿರದ ಕಾಲೇಜಲ್ಲೋ ಅಂಧರ ಸಂಸ್ಥೆಯಲ್ಲೋ ವಿಚಾರಿಸಿ, ಪರೀಕ್ಷೆಗೆ ಮುಂಚೆಯೇ ಹೆಸರು ಕೊಡಿ.