ಬೈಲಹೊಂಗಲ ಸೀಮೆಯ ಚುನಾವಣಾ ಚರ್ಚೆ: ಭಾಷೆ ಮತ್ತು ತರ್ಕದ ನೆಲೆಗಳು

1. ಪ್ರವೇಶ

ಚುನಾವಣೆಯ ಕಾಲದಲ್ಲಿ ಹಳ್ಳಿಯ ಕಟ್ಟೆ, ಅಗಸಿ, ಚಹಾದಂಗಡಿ ಹಾಗೂ ಸಂತೆಗಳಲ್ಲಿ ಮತದಾರರು ಅಭ್ಯರ್ಥಿಗಳನ್ನು ಕುರಿತು ನಡೆಸುವ ಚರ್ಚೆಯು ಕನ್ನಡ ಅಧ್ಯಯನದ ಗಮನವನ್ನು ಸಾಕಷ್ಟು ಸೆಳೆದಿಲ್ಲ. ಜಾನಪದ ವಿದ್ವಾಂಸರು ಹಾಡು, ಕಥೆ, ಗಾದೆಗಳ ಸಂಗ್ರಹಕ್ಕೆ ಒತ್ತು ನೀಡಿದರೆ, ರಾಜ್ಯಶಾಸ್ತ್ರಜ್ಞರು ಫಲಿತಾಂಶದ ಅಂಕಿಗಳಿಗೆ ಒತ್ತು ನೀಡಿದ್ದಾರೆ. ಇವೆರಡರ ನಡುವೆ ಮತದಾರನು ತನ್ನ ತೀರ್ಮಾನಕ್ಕೆ ಬರುವ ಮಾತಿನ ದಾರಿಯೇ ಬಿಟ್ಟುಹೋಗಿದೆ. ಪತ್ರಿಕೆಗಳ ವಿಶ್ಲೇಷಣೆಯು ಈ ದಾರಿಯನ್ನು ಸಾಮಾನ್ಯವಾಗಿ 'ಜಾತಿ ಲೆಕ್ಕಾಚಾರ' ಎಂಬ ಒಂದೇ ಪದದಲ್ಲಿ ಮುಗಿಸುತ್ತದೆ. ಅದು ಪೂರ್ಣ ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗಗಳನ್ನು ಅನುಲಕ್ಷಿಸಿ ಈ ಚರ್ಚೆಯ ಪದಸಂಪತ್ತು, ವ್ಯಾಕರಣ ಮತ್ತು ತರ್ಕವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇಲ್ಲಿ 'ಅಭ್ಯರ್ಥಿ' ಎಂದರೆ ಯಾವ ಸ್ಥಾನಕ್ಕೆ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಅಮೆರಿಕದ ರಾಜ್ಯಗಳಲ್ಲಿ ರಾಜ್ಯದ ಮುಖ್ಯಸ್ಥನನ್ನು ಜನರೇ ನೇರವಾಗಿ ಆರಿಸುತ್ತಾರೆ. ಭಾರತದ ಸಂವಿಧಾನ ಸಭೆಯೂ ಆರಂಭದಲ್ಲಿ ರಾಜ್ಯಪಾಲರು ವಯಸ್ಕ ಮತದಾನದಿಂದ ಚುನಾಯಿತರಾಗಬೇಕೆಂಬ ನಿಲುವಿಗೆ ಬಂದಿತ್ತು. 1949ರಲ್ಲಿ ಅದನ್ನು ಕೈಬಿಟ್ಟು ರಾಷ್ಟ್ರಪತಿಗಳ ನೇಮಕಕ್ಕೆ ಒಪ್ಪಿತು. ಹೀಗಾಗಿ ಇಲ್ಲಿನ ಮತದಾರನ ಮುಂದೆ ಇರುವವನು ಶಾಸಕ ಸ್ಥಾನದ ಅಭ್ಯರ್ಥಿ. ಅವನ ಹಿಂದೆ ನಿಂತಿರುವವನು ಮುಖ್ಯಮಂತ್ರಿಯಾಗಬಹುದಾದ ನಾಯಕ. ಒಂದೇ ಮತದಿಂದ ಎರಡು ಸ್ಥಾನಗಳನ್ನು ತೂಗಬೇಕಾದ ಈ ಸ್ಥಿತಿಯೇ ಕಟ್ಟೆಯ ಚರ್ಚೆಯನ್ನು ಸಂಕೀರ್ಣಗೊಳಿಸಿದೆ.

2. ಸೀಮೆಯ ಹಿನ್ನೆಲೆ

ಈ ನಾಲ್ಕೂ ಭಾಗಗಳು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಉಪವಿಭಾಗಕ್ಕೆ ಸೇರಿವೆ. ಆದರೆ ಇವುಗಳ ರಾಜಕೀಯ ನೆನಪುಗಳು ಒಂದೇ ಬಗೆಯವಲ್ಲ. 1824ರ ಕಿತ್ತೂರಿನ ಹೋರಾಟ, ರಾಣಿ ಚೆನ್ನಮ್ಮನ ಬೈಲಹೊಂಗಲದ ಸಮಾಧಿ, ಸಂಗೊಳ್ಳಿ ರಾಯಣ್ಣನ ಹುಟ್ಟೂರು ಇವು ಪಶ್ಚಿಮ ಭಾಗದ ನೆನಪನ್ನು ರೂಪಿಸಿವೆ. ರಾಮದುರ್ಗವು 1948ರಲ್ಲಿ ವಿಲೀನಗೊಳ್ಳುವವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. 1939ರ ಏಪ್ರಿಲ್‌ನಲ್ಲಿ ಅಲ್ಲಿಯ ಪ್ರಜಾ ಚಳವಳಿಯು ಹಿಂಸೆಗೆ ತಿರುಗಿದ ಘಟನೆ ಆ ಊರಿನ ಚರಿತ್ರೆಯ ಭಾಗವಾಗಿದೆ. ಪರಸಗಡ ತಾಲೂಕೆಂದು ಹಿಂದೆ ಕರೆಯಲ್ಪಡುತ್ತಿದ್ದ ಸವದತ್ತಿಯು ಯಲ್ಲಮ್ಮನ ಗುಡ್ಡ ಹಾಗೂ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ಗುರುತಿಸಲ್ಪಡುತ್ತದೆ.

1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಈ ಸೀಮೆಯ ಜನ ಮತ ಹಾಕಿದ್ದು ಮುಂಬಯಿ ವಿಧಾನಸಭೆಗೆ. 1957ರಲ್ಲಿ ಮೈಸೂರು ವಿಧಾನಸಭೆಗೆ. ಆಡಳಿತದ ಭಾಷೆ ಬದಲಾದರೂ ಮುಂಬಯಿ ಕಾಲದ ಪದಗಳು ಚುನಾವಣೆಯ ಮಾತಿನಲ್ಲಿ ಉಳಿದುಬಂದವು. ಲೋಕಸಭಾ ಕ್ಷೇತ್ರಗಳ ಹಂಚಿಕೆಯಲ್ಲಿಯೂ ಈ ಸೀಮೆ ಒಡೆದಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿದ್ದರೆ, ಕಿತ್ತೂರು ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿದೆ.

3. ಪದಗಳು ಹೇಳುವ ಕಥೆ

ಶಿಷ್ಟ ಕನ್ನಡದ 'ಅಭ್ಯರ್ಥಿ' ಎಂಬುದು ಬೇಡುವವನು ಎಂಬ ಅರ್ಥದ ಸಂಸ್ಕೃತ ಪದ. ಈ ಸೀಮೆಯ ಹಿರಿಯರ ಬಾಯಲ್ಲಿ ಇರುವುದು 'ಉಮೇದವಾರ'. ಪಾರಸಿ ಮೂಲದ ಈ ಪದಕ್ಕೆ ಆಸೆ ಹೊತ್ತವನು ಎಂದರ್ಥ. ಮರಾಠಿಯ ಬಳಕೆಯೂ ಇದಕ್ಕೆ ಒತ್ತಾಸೆಯಾಗಿದೆ. ಪತ್ರಿಕೆಗಳು ಬಳಸುವ 'ಹುರಿಯಾಳು' ಎಂಬುದು ಕಣ ಮತ್ತು ಕುಸ್ತಿಯ ಭಾವವನ್ನು ತರುತ್ತದೆ. ಬೇಡುವವನು, ಆಸೆಪಡುವವನು, ಹೋರಾಡುವವನು ಎಂಬ ಈ ಮೂರು ಅರ್ಥಗಳಲ್ಲಿ ಕಟ್ಟೆಯ ಚರ್ಚೆ ಮೊದಲಿನದನ್ನೇ ಹೆಚ್ಚಾಗಿ ಆಧರಿಸಿದೆ. ಮನೆ ಬಾಗಿಲಿಗೆ ಬಂದು ಕೈಮುಗಿದವನು ಗೆದ್ದ ಮೇಲೆ ಬಂದನೇ ಎಂಬುದು ಅಲ್ಲಿಯ ಮೂಲ ಪ್ರಶ್ನೆ.

ಕ್ರಿಯಾಪದಗಳೂ ಗಮನಾರ್ಹವಾಗಿವೆ. ಅಭ್ಯರ್ಥಿಯು 'ನಿಲ್ಲುತ್ತಾನೆ', ಗೆದ್ದರೆ 'ಆರಿಸಿ ಬರುತ್ತಾನೆ', ಸೋತರೆ 'ಬೀಳುತ್ತಾನೆ'. ಜನ ಬೇಸತ್ತರೆ 'ಕೆಡವುತ್ತಾರೆ'. ಎದುರಾಳಿಯ ಪರವಾಗಿ ಹಿಂದೆ ಸರಿದವನು 'ಕೂಡುತ್ತಾನೆ'. 'ಬೀಳು' ಮತ್ತು 'ಕೆಡವು' ಎಂಬವುಗಳ ನಡುವಿನ ಅಂತರ ಸಣ್ಣದಲ್ಲ. ಮೊದಲನೆಯದರಲ್ಲಿ ಸೋಲು ಅಭ್ಯರ್ಥಿಯ ಪಾಲಿನದು. ಎರಡನೆಯದರಲ್ಲಿ ಕರ್ತೃ ಮತದಾರನೇ. ತನ್ನ ಮತಕ್ಕೆ ಬಲವಿದೆಯೆಂದು ಮಾತಾಡುವವನು ನಂಬಿದಾಗ 'ಕೆಡವಿದೆವು' ಎನ್ನುತ್ತಾನೆ. ಮತಪತ್ರದ ಕಾಲದ 'ಸಿಕ್ಕಾ ಹೊಡೆ' ಎಂಬುದು ಮತಯಂತ್ರ ಬಂದ ಮೇಲೆ 'ಬಟನ್ ಒತ್ತು' ಎಂದಾಯಿತು. 'ಗುರ್ತು' ಎಂಬ ಪದ ಮಾತ್ರ ಬದಲಾಗದೆ ಉಳಿದಿದೆ.

4. ವ್ಯಾಕರಣದಲ್ಲಿ ಅಡಗಿದ ಮೌಲ್ಯಮಾಪನ

ಧಾರವಾಡ-ಬೆಳಗಾವಿ ಕನ್ನಡದ ಕೃದಂತನಾಮಗಳು ಈ ಚರ್ಚೆಯ ಜೀವಾಳ. 'ಸಾವು-ನೋವಿಗೆ ಬರಾಂವ', 'ಕೈಗೆ ಸಿಗಾಂವ', 'ಮಾತಿಗೆ ತಪ್ಪಾಂವ' ಎಂಬ ರೂಪಗಳಲ್ಲಿ ಅಭ್ಯರ್ಥಿಯ ಹೆಸರು, ಪಕ್ಷ, ಜಾತಿಗಳು ಹಿಂದೆ ಸರಿದು ಅವನ ನಡತೆಯೇ ಹೆಸರಾಗುತ್ತದೆ. ಇದೇ ರೂಪವು ಮಾತಾಡುವವನ ಸಂಕಲ್ಪಕ್ಕೂ ಬಳಕೆಯಾಗುತ್ತದೆ: 'ನಾ ಅವಗ ಓಟ ಹಾಕಾಂವ' ಎಂದು ಗಂಡಸು, 'ನಾ ಹಾಕಾಕಿ' ಎಂದು ಹೆಂಗಸು ಹೇಳುತ್ತಾರೆ. ಅಭ್ಯರ್ಥಿಯನ್ನು ಅಳೆಯುವ ರೂಪ ಮತ್ತು ಮತದಾರ ತನ್ನನ್ನು ಒಪ್ಪಿಸಿಕೊಳ್ಳುವ ರೂಪ ಒಂದೇ ಆಗಿರುವುದು ಆಕಸ್ಮಿಕವಿರಬಹುದು. ಆದರೆ ಚರ್ಚೆಯಲ್ಲಿ ಅವೆರಡೂ ಪರಸ್ಪರ ಉತ್ತರದಂತೆ ಕೇಳಿಸುತ್ತವೆ. 'ಅವ ಬರಾಂವ, ಅದಕ್ಕ ನಾ ಹಾಕಾಂವ' ಎಂಬಲ್ಲಿ ಕಾರಣ ಮತ್ತು ನಿರ್ಧಾರ ಒಂದೇ ಅಚ್ಚಿನಲ್ಲಿ ಎರಕಗೊಂಡಿವೆ.

ಇನ್ನೊಂದು ಸಾಧನ 'ಅಂತ' ಎಂಬುದು. 'ಬರ್ತಾನ' ಎಂದರೆ ಮಾತಾಡುವವನು ತನ್ನ ಅಭಿಪ್ರಾಯಕ್ಕೆ ತಾನೇ ಹೊಣೆ. 'ಬರ್ತಾನಂತ' ಎಂದರೆ ಹೊಣೆ ಊರಿನದು. ನೆರೆಹೊರೆ, ಬೀಗತನ, ಸಹಕಾರಿ ಸಂಘದ ಸಾಲ, ಕಬ್ಬಿನ ಕಟಾವು ಇವುಗಳ ಋಣಾನುಬಂಧದಲ್ಲಿ ಬದುಕುವ ಹಳ್ಳಿಯಲ್ಲಿ ತನ್ನ ಒಲವನ್ನು ಬಹಿರಂಗವಾಗಿ ಹೇಳುವುದು ಸುಲಭವಲ್ಲ. ಆದ್ದರಿಂದ 'ಅಂತ' ಎಂಬುದು ಕೇವಲ ವದಂತಿಯ ಗುರುತಲ್ಲ; ಗುಪ್ತ ಮತದಾನಕ್ಕೆ ಭಾಷೆಯೇ ಒದಗಿಸಿದ ಒಂದು ಮರೆಯೂ ಹೌದು. ಇದನ್ನು ಗಮನಿಸದೆ ಕಟ್ಟೆಯ ಮಾತನ್ನು ಅಕ್ಷರಶಃ ನಂಬಿದ ಮುನ್ನೋಟಗಳು ತಪ್ಪುವುದು ಸಹಜ.

5. ವಾದದ ನೆಲೆಗಳು

ಚರ್ಚೆಯ ವಾದಗಳನ್ನು ಸ್ಥೂಲವಾಗಿ ಮೂರು ನೆಲೆಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು 'ನಮ್ಮವ-ಹೊರಗಿನವ' ಎಂಬ ನೆಲೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಮದುರ್ಗದ ಆಗಿನ ಶಾಸಕ ಮಹಾದೇವಪ್ಪ ಯಾದವಾಡರಿಗೆ ಬಿಜೆಪಿಯ ಟಿಕೀಟು ತಪ್ಪಿ ಚಿಕ್ಕರೇವಣ್ಣ ಅಭ್ಯರ್ಥಿಯಾದಾಗ ಈ ಪ್ರಶ್ನೆ ಮುನ್ನೆಲೆಗೆ ಬಂದಿತು. ಕಾಂಗ್ರೆಸ್ಸಿನ ಅಶೋಕ ಪಟ್ಟಣ ಆರಿಸಿ ಬಂದರು. ಆದರೆ ಮರುವರ್ಷವೇ, 2024ರ ಲೋಕಸಭಾ ಚುನಾವಣೆಯಲ್ಲಿ, ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಬೆಳಗಾವಿಯಿಂದ ಗೆದ್ದರು. ಕಿತ್ತೂರಿನ ಮತದಾರರ ಮುಂದೆ ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಮತ್ತು ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳಕರ ಇದ್ದರು, ಇಬ್ಬರೂ ಕಿತ್ತೂರಿನವರಲ್ಲ. ಅಂದರೆ 'ಹೊರಗಿನವ' ಎಂಬುದು ಭೂಪಟದ ಮೇಲಿನ ಸ್ಥಿರ ಗೆರೆಯಲ್ಲ. ಶಾಸಕನು ನೆರೆಯವನಾಗಿರಬೇಕು, ಸಂಸದನು ದೂರದವನಾದರೂ ನಡೆಯುತ್ತದೆ ಎಂಬ ಹುದ್ದೆಯ ವಿವೇಚನೆ ಅದರ ಒಳಗಿದೆ.

ಎರಡನೆಯದು ಕೆಲಸದ ನೆಲೆ. ಇಲ್ಲಿ ನೀರಿನದೇ ಮೊದಲ ಮಾತು. ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ರೈತರಿಗೆ 1980ರ ನರಗುಂದ-ನವಲಗುಂದ ಬಂಡಾಯದ ನೆನಪಿದೆ. ಮಹದಾಯಿ ನ್ಯಾಯಮಂಡಳಿಯು 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅಂದಿನಿಂದ ಕಳಸಾ-ಬಂಡೂರಿಯ ಪ್ರಶ್ನೆಯು ಹಕ್ಕಿನ ಪ್ರಶ್ನೆಯಾಗಿದ್ದಷ್ಟೇ ಅಲ್ಲದೆ, ಸಿಕ್ಕ ತೀರ್ಪನ್ನು ಕಾಲುವೆಗೆ ಇಳಿಸುವವರು ಯಾರು ಎಂಬ ಪ್ರಶ್ನೆಯೂ ಆಯಿತು. 2019ರ ಆಗಸ್ಟ್‌ನ ಮಲಪ್ರಭಾ ಪ್ರವಾಹ ರಾಮದುರ್ಗದಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿತು. ನೀರಿಲ್ಲದಾಗ ಕೇಳುವ ಪ್ರಶ್ನೆ ಮತ್ತು ನೀರು ನುಗ್ಗಿದಾಗ ಕೇಳುವ ಪ್ರಶ್ನೆ ಎರಡೂ ಒಂದೇ ಅಭ್ಯರ್ಥಿಗೆ ಸಲ್ಲುತ್ತವೆ.

ಮೂರನೆಯದು ನಿಷ್ಠೆಯ ನೆಲೆ. ಬೈಲಹೊಂಗಲ ಇದಕ್ಕೆ ಉತ್ತಮ ನಿದರ್ಶನ. 2013ರಲ್ಲಿ ಬಿ.ಎಸ್. ಯಡಿಯೂರಪ್ಪನವರ ಕೆಜೆಪಿ ರಾಜ್ಯದಲ್ಲಿ ಗೆದ್ದ 6 ಸ್ಥಾನಗಳಲ್ಲಿ ಬೈಲಹೊಂಗಲವೂ ಒಂದು. ತೆಂಗಿನಕಾಯಿ ಗುರ್ತಿನ ವಿಶ್ವನಾಥ ಪಾಟೀಲ ಆರಿಸಿ ಬಂದರು. 2018ರಲ್ಲಿ ಬಿಜೆಪಿ ಟಿಕೀಟು ಪಾಟೀಲರಿಗೆ ದೊರೆತು ಜಗದೀಶ ಮೆಟಗುಡ್ಡ ಪಕ್ಷೇತರರಾದರು. 2023ರಲ್ಲಿ ಟಿಕೀಟು ಮೆಟಗುಡ್ಡರಿಗೆ ದೊರೆತು ಪಾಟೀಲರು ಪಕ್ಷೇತರರಾದರು. ಎರಡೂ ಸಲ ಕಾಂಗ್ರೆಸ್ಸಿನ ಮಹಾಂತೇಶ ಕೌಜಲಗಿ ಗೆದ್ದರು. ಪಕ್ಷಕ್ಕೆ ನಿಷ್ಠೆಯೋ ವ್ಯಕ್ತಿಗೆ ನಿಷ್ಠೆಯೋ ಎಂಬ ವಾದಕ್ಕೆ ಇದಕ್ಕಿಂತ ಹರಿತವಾದ ಪ್ರಸಂಗ ಬೇಕಿಲ್ಲ. ಈ ಕ್ಷೇತ್ರದಲ್ಲಿ ಪ್ರಬಲವಾಗಿರುವ ಸಮುದಾಯದ ಮತಗಳೇ ಒಡೆದು ನಿಂತಾಗ ಜಾತಿಯ ಲೆಕ್ಕವೊಂದೇ ಉತ್ತರ ಕೊಡಲಾರದು. ಜಾತಿಯ ಒಳಗೆ ಯಾರು, ಏಕೆ ಎಂಬ ಚರ್ಚೆ ಅಲ್ಲಿಂದಲೇ ಆರಂಭವಾಗುತ್ತದೆ.

ಈ ಮೂರರ ಮೇಲೆ ಮುಖ್ಯಮಂತ್ರಿಯ ಪ್ರಶ್ನೆ ನೆರಳಿನಂತೆ ಇರುತ್ತದೆ. 2018ರ ಮೇ ತಿಂಗಳಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದೆ, 104 ಸ್ಥಾನ ಗೆದ್ದ ಬಿಜೆಪಿಗೆ ರಾಜ್ಯಪಾಲ ವಜುಭಾಯಿ ವಾಲಾ ಅವಕಾಶ ನೀಡಿದರು. 17ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪ 19ರಂದು ರಾಜೀನಾಮೆ ಕೊಟ್ಟರು. ಕಿತ್ತೂರು, ಸವದತ್ತಿ, ರಾಮದುರ್ಗಗಳು ಬಿಜೆಪಿಯನ್ನು ಆರಿಸಿದ್ದ ಸಂದರ್ಭವದು. ತಾನು ಆರಿಸಿದವನು ಮತ್ತು ತನ್ನನ್ನು ಆಳುವವನು ಬೇರೆಯಾಗಬಹುದು, ನಡುವೆ ತಾನು ಆರಿಸದ ರಾಜ್ಯಪಾಲರ ತೀರ್ಮಾನವೂ ಇರಬಹುದು ಎಂಬುದನ್ನು ಮತದಾರನು ಅಂದು ಪಾಠಪುಸ್ತಕವಿಲ್ಲದೆ ಕಲಿಯಬೇಕಾಯಿತು.

6. ಸವಾಲು-ಜವಾಬಿನ ರೂಪ

ಈ ವಾದಗಳು ನಡೆಯುವ ಕ್ರಮಕ್ಕೆ ಸ್ಥಳೀಯ ಮಾದರಿಯೊಂದಿದೆ. ಗೀಗೀ ಪದಗಳ ಹರದೇಶಿ-ನಾಗೇಶಿ ಮೇಳಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ಸವಾಲು-ಜವಾಬಿನ ರೂಪದಲ್ಲಿ ಬೆಳೆಯುತ್ತದೆ. ರಾಮದುರ್ಗ ತಾಲೂಕಿನ ಹುಲಕುಂದ ಇಂತಹ ಪರಂಪರೆಗೆ ಹೆಸರಾದ ಊರು; ಅಲ್ಲಿಯ ಭೀಮಕವಿ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗೀಗೀ ಪದವನ್ನು ರಾಜಕೀಯ ಸಂದೇಶದ ವಾಹಕವಾಗಿಸಿದವರಲ್ಲಿ ಪ್ರಮುಖರು. ಕಟ್ಟೆಯ ಚರ್ಚೆ ಹಾಡಲ್ಲ, ಆದರೆ ಅದರ ನಡಿಗೆ ಇದನ್ನೇ ಹೋಲುತ್ತದೆ. 'ನಮ್ಮ ಊರಿಗೆ ಏನ್ ಮಾಡ್ಯಾನ?' ಎಂಬ ಸವಾಲಿಗೆ 'ಹಿಂದಿನಾಂವ ಏನ್ ಮಾಡಿದ್ದ?' ಎಂಬುದು ಜವಾಬು. ಉತ್ತರವು ನೇರವಾಗಿ ಬರದೆ ಪ್ರತಿಪ್ರಶ್ನೆಯಾಗಿ ಬರುತ್ತದೆ. ಗಾದೆಯೊಂದು ಬಂದು ತಾತ್ಕಾಲಿಕ ವಿರಾಮ ಹಾಕುತ್ತದೆ. ಮೇಳದಲ್ಲಿ ಸೋತವನು ಮರುದಿನ ಅದೇ ಊರಿನಲ್ಲಿ ಇರಬೇಕಾದಂತೆ ಕಟ್ಟೆಯಲ್ಲಿ ಸೋತವನೂ ಅಲ್ಲೇ ಕೂಡಬೇಕು. ವಾದವನ್ನು ಜಗಳವಾಗಗೊಡದ ಸಂಯಮ ಈ ಅನಿವಾರ್ಯತೆಯಿಂದ ಹುಟ್ಟಿದೆ.

7. ಮಿತಿಗಳು

ಕಟ್ಟೆಯನ್ನು ಆದರ್ಶೀಕರಿಸುವುದು ಸಲ್ಲದು. ಅದು ಬಹುಮಟ್ಟಿಗೆ ಗಂಡಸರ ಜಾಗ. ಕಟ್ಟೆಯ ಮೇಲೆ ಯಾರು ಕೂಡಬೇಕು, ಯಾರು ದೂರ ನಿಲ್ಲಬೇಕು ಎಂಬ ಜಾತಿಯ ಕಟ್ಟಳೆಯನ್ನೂ ಅದು ಕಂಡಿದೆ. ಚೆನ್ನಮ್ಮನ ಹೆಸರನ್ನು ಎಲ್ಲ ಪಕ್ಷಗಳೂ ನೆನೆಯುವ ಈ ಸೀಮೆಯಲ್ಲಿ ಹೆಣ್ಣುಮಕ್ಕಳ ಚರ್ಚೆ ಹಿಟ್ಟಿನ ಗಿರಣಿ, ನೀರಿನ ನಳ, ಸ್ವಸಹಾಯ ಸಂಘದ ಸಭೆಗಳಲ್ಲಿ ನಡೆಯುತ್ತದೆ. ಆನಂದ ಮಾಮನಿಯವರು 2022ರ ಅಕ್ಟೋಬರ್‌ನಲ್ಲಿ ನಿಧನರಾದ ತರುವಾಯ 2023ರಲ್ಲಿ ಅವರ ಪತ್ನಿ ರತ್ನಾ ಮಾಮನಿ ಸವದತ್ತಿಯಲ್ಲಿ ಸ್ಪರ್ಧಿಸಿ, ಕಾಂಗ್ರೆಸ್ಸಿನ ವಿಶ್ವಾಸ ವೈದ್ಯರ ಎದುರು ಸೋತರು. ಅನುಕಂಪ ಮತ್ತು ಅರ್ಹತೆಗಳ ನಡುವಿನ ಆ ಚರ್ಚೆಯನ್ನು ಕಟ್ಟೆಯಿಂದ ಮಾತ್ರ ಕೇಳಿದವರಿಗೆ ಅರ್ಧ ಚರ್ಚೆಯಷ್ಟೇ ಕೇಳಿಸಿರುತ್ತದೆ. ಹಣ, ಹೆಂಡ, ಭಂಡಾರ ಮುಟ್ಟಿಸಿ ಮಾಡಿಸುವ ಆಣೆಗಳು ಚರ್ಚೆಯನ್ನು ಮೊಟಕುಗೊಳಿಸುವುದೂ ಉಂಟು. ಮೊಬೈಲಿನ ಗುಂಪುಗಳಲ್ಲಿ ಒಂದೇ ಒಲವಿನವರು ಸೇರುವುದರಿಂದ ಸವಾಲು ಉಳಿದು ಜವಾಬು ಕಾಣೆಯಾಗುತ್ತಿದೆ.

8. ಸಮಾರೋಪ

2018ರಲ್ಲಿ ಈ ನಾಲ್ಕು ಕ್ಷೇತ್ರಗಳಲ್ಲಿ ಮೂರು ಬಿಜೆಪಿಗೆ, ಒಂದು ಕಾಂಗ್ರೆಸ್ಸಿಗೆ ದೊರೆತಿದ್ದವು. 2023ರಲ್ಲಿ ಕಿತ್ತೂರಿನ ಬಾಬಾಸಾಹೇಬ ಪಾಟೀಲರೂ ಸೇರಿದಂತೆ ನಾಲ್ವರೂ ಕಾಂಗ್ರೆಸ್ಸಿನವರೇ ಆರಿಸಿ ಬಂದರು. ಐದು ವರ್ಷಗಳಲ್ಲಿ ಊರುಗಳ ಜಾತಿ ಸಂಖ್ಯೆ ಬದಲಾಗಿರಲಿಲ್ಲ. ಬದಲಾದದ್ದು ತೂಗಿ ನೋಡುವ ಮಾತು. ಆ ಮಾತಿಗೆ ತನ್ನದೇ ಪದಕೋಶ, ವ್ಯಾಕರಣ ಹಾಗೂ ವಾದಕ್ರಮಗಳಿವೆ ಎಂಬುದು ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುತ್ತದೆ. ಲಾವಣಿ, ಗಾದೆಗಳನ್ನು ದಾಖಲಿಸಿದ ಶ್ರದ್ಧೆಯಿಂದಲೇ ಕನ್ನಡ ವಿಭಾಗಗಳು ಈ ಮಾತನ್ನೂ, ಗಿರಣಿ ಮತ್ತು ನಳದ ಬಳಿಯ ಮಾತನ್ನು ಸೇರಿಸಿಕೊಂಡು, ದಾಖಲಿಸಬೇಕಾಗಿದೆ. ಹಾಡು ಮರೆತುಹೋದರೆ ಪಠ್ಯವೊಂದು ನಷ್ಟವಾದೀತು. ಈ ಚರ್ಚೆ ಮರೆತುಹೋದರೆ ಮತದಾರನು ಏಕೆ ಹಾಗೆ ತೀರ್ಮಾನಿಸಿದನೆಂಬುದಕ್ಕೆ ಅವನದೇ ಸಾಕ್ಷ್ಯ ಇಲ್ಲವಾಗುತ್ತದೆ. ಬೇರೆಯವರು ಕೊಟ್ಟ ಕಾರಣಗಳಷ್ಟೇ ಉಳಿಯುತ್ತವೆ.