ಮರುಮದುವೆ ಆದ್ರೆ ಹಳೇ ಕೋರ್ಟ್ ಆದೇಶ ಏನಾಗುತ್ತೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಲ್ಲಿ ಕೂತು ಓದೋರಿಗೆ, ಈ ಸಲದ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ಸೆಕ್ಷನ್ ನಂಬರುಗಳನ್ನು ಕಡಿಮೆ ಮಾಡಿದ್ದೆ, ಇಲ್ಲಿ ಸೇರಿಸಿದ್ದೀನಿ.

ಪ್ರಶ್ನೆ ಸರಳ. ಡಿವೋರ್ಸ್ ಆಗಿದೆ. ಜೀವನಾಂಶ ಎಷ್ಟು, ಮಗು ಯಾರ ಹತ್ರ ಇರಬೇಕು ಅಂತ ಫ್ಯಾಮಿಲಿ ಕೋರ್ಟ್ ಆದೇಶ ಕೊಟ್ಟಿದೆ. ಆಮೇಲೆ ಇಬ್ಬರಲ್ಲಿ ಒಬ್ಬರು ಇನ್ನೊಂದು ಮದುವೆ ಆಗ್ತಾರೆ. ಹಳೇ ಆದೇಶ ಉಳಿಯುತ್ತಾ, ಬಿದ್ದುಹೋಗುತ್ತಾ?

ಊರು ಬಿಟ್ಟು ಬಂದಿರೋ ನಮಗೆ ಇದರಲ್ಲಿ ಇನ್ನೊಂದು ತೊಡಕು ಇದೆ. ಆದೇಶ ಕೊಟ್ಟ ಕೋರ್ಟ್ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತೆ. ಸಂಬಳ ಪುಣೆಯಲ್ಲಿ. ಮಗು ಅಮ್ಮನ ಜೊತೆ ಹೈದರಾಬಾದಲ್ಲಿ. ಆ ಕಡೆಯವರ ಮದುವೆ ಫೋಟೋ ವಾಟ್ಸಾಪ್‌ನಲ್ಲಿ ಬಂದ ತಕ್ಷಣ ಕೆಲವರು ಮಾಡೋ ಮೊದಲ ಕೆಲಸ, ಬ್ಯಾಂಕಿನಲ್ಲಿ ತಿಂಗಳ ಟ್ರಾನ್ಸ್‌ಫರ್ ನಿಲ್ಲಿಸೋದು. "ಅವಳು ಮದುವೆ ಆದ್ಳಲ್ಲ, ಇನ್ನು ಯಾಕೆ ಕೊಡಬೇಕು?" ಅನ್ನೋ ವಾದ. ಕೆಲವು ತಿಂಗಳು ಕಳೆದ ಮೇಲೆ ಬಾಕಿ ವಸೂಲಿಗೆ ಅರ್ಜಿ, ಅದರ ಹಿಂದೆ ವಾರಂಟ್. ಅಷ್ಟರಲ್ಲಿ ಮಗುವಿನ ಸ್ಕೂಲ್ ಫೀಸ್ ಕಟ್ಟೋ ದಿನವೂ ದಾಟಿರುತ್ತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ವಕೀಲ ಅಲ್ಲ, ಕೋಡ್ ಬರೆಯೋನು. ಕಾನೂನಿನ ಚೌಕಟ್ಟು ಹೇಗಿದೆ ಅಂತ ಹೇಳಬಲ್ಲೆ. ನಿಮ್ಮ ಕೇಸಿಗೆ ಏನು ಮಾಡಬೇಕು ಅನ್ನೋದನ್ನ ವಕೀಲರನ್ನೇ ಕೇಳಿ.

"ಮಾಡಬಹುದು" ಮತ್ತು "ಮಾಡಲೇಬೇಕು"

ಕೋರ್ಟ್ ಆದೇಶವನ್ನ ಸರ್ವರ್‌ನಲ್ಲಿ ಓಡ್ತಿರೋ ಕ್ರಾನ್ ಜಾಬ್ ಥರ ನೋಡಿ. ಹೊರಗಡೆ ಏನೇ ಬದಲಾದ್ರೂ, ಯಾರಾದ್ರೂ ಲಾಗಿನ್ ಆಗಿ ನಿಲ್ಲಿಸೋವರೆಗೆ ಅದು ಓಡ್ತಾನೇ ಇರುತ್ತೆ. ಇಲ್ಲಿ ಲಾಗಿನ್ ಇರೋದು ಜಡ್ಜ್ ಹತ್ರ ಮಾತ್ರ.

ಜೀವನಾಂಶ ಯಾವ ಕಾನೂನಿನಡಿ ಬಂದಿದೆ ಅನ್ನೋದನ್ನ ಮೊದಲು ನೋಡಬೇಕು. ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ.

ಒಂದು, 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 25, ಅಂದ್ರೆ ಶಾಶ್ವತ ಜೀವನಾಂಶ. ಇದನ್ನ ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು. ಪಡೆಯೋರು ಮರುಮದುವೆ ಆದ್ರೆ, ಕೊಡೋರು ಅರ್ಜಿ ಹಾಕಿದ ಮೇಲೆ ಕೋರ್ಟ್ ಆ ಆದೇಶವನ್ನ ಬದಲಾಯಿಸಬಹುದು ಅಥವಾ ರದ್ದು ಮಾಡಬಹುದು ಅಂತ ಉಪವಿಧಿ 3 ಹೇಳುತ್ತೆ. "ಬಹುದು" ಅನ್ನೋ ಪದ ಗಮನಿಸಿ. ಅರ್ಜಿ ಬೇಕು, ವಿಚಾರಣೆ ಬೇಕು, ತೀರ್ಮಾನ ಜಡ್ಜ್‌ರದ್ದು.

ಎರಡು, ಹಳೇ ಸಿಆರ್‌ಪಿಸಿಯ ಸೆಕ್ಷನ್ 125. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಆಗಿದೆ. ಇಲ್ಲಿ "ಹೆಂಡತಿ" ಅನ್ನೋ ಪದದಲ್ಲಿ, ಡಿವೋರ್ಸ್ ಆಗಿ ಮರುಮದುವೆ ಆಗದ ಹೆಣ್ಣುಮಗಳೂ ಸೇರ್ತಾಳೆ. ಆಕೆ ಮರುಮದುವೆ ಆದ್ರೆ ಆ ದಿನಾಂಕದಿಂದಲೇ ಆದೇಶ ರದ್ದು ಮಾಡಲೇಬೇಕು ಅಂತ ಹಳೇ ಸೆಕ್ಷನ್ 127, ಈಗಿನ 146, ಹೇಳುತ್ತೆ. ಇಲ್ಲಿ "ಬಹುದು" ಇಲ್ಲ. ಆದ್ರೂ ರದ್ದು ಮಾಡೋದು ಕೋರ್ಟೇ ಹೊರತು ಕೊಡ್ತಿರೋರು ಅಲ್ಲ. ಮರುಮದುವೆ ಆಗಿದೆ ಅನ್ನೋದಕ್ಕೆ ಸಾಕ್ಷಿ ಒದಗಿಸಬೇಕು. ಆ ದಿನಾಂಕಕ್ಕೂ ಹಿಂದಿನ ಬಾಕಿ ಇದ್ರೆ ಅದು ಬಾಕಿಯಾಗೇ ಉಳಿಯುತ್ತೆ.

ಮುಸ್ಲಿಂ ಮಹಿಳೆಯರಿಗೆ 1986ರ ಪ್ರತ್ಯೇಕ ಕಾಯ್ದೆ ಇದೆ. ಅದರಡಿ ಗಂಡ ಇದ್ದತ್ ಅವಧಿಯೊಳಗೆ ಹೆಂಡತಿಯ ಭವಿಷ್ಯಕ್ಕೂ ಸೇರಿಸಿ ನ್ಯಾಯವಾದ ಏರ್ಪಾಡು ಮಾಡಬೇಕು. ಮರುಮದುವೆ ಆದ್ರೂ ಆ ಮೊತ್ತದ ಹಕ್ಕು ಹೋಗಲ್ಲ ಅಂತ 2024ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಹೇಳಿತು.

ಕೊಡೋರೇ ಮರುಮದುವೆ ಆದ್ರೆ?

"ನನಗೀಗ ಹೊಸ ಸಂಸಾರ ಇದೆ, ಹಳೇದಕ್ಕೆ ಎಲ್ಲಿಂದ ತರಲಿ?" ಅನ್ನೋರು ಇದ್ದಾರೆ. ಹೊಸ ಸಂಸಾರ ಅನ್ನೋ ಕಾರಣಕ್ಕೆ ಹಳೇ ಹೊಣೆ ತೀರಲ್ಲ. ಆದ್ರೆ ಪರಿಸ್ಥಿತಿ ಬದಲಾಗಿದೆ ಅಂತ ತೋರಿಸಿ, ಮೊತ್ತ ಕಡಿಮೆ ಮಾಡಿ ಅಂತ ಕೇಳೋಕೆ ಅವಕಾಶ ಇದೆ.

ಕೋರ್ಟ್ ಇದನ್ನ ಹೇಗೆ ತೂಗುತ್ತೆ ಅನ್ನೋದಕ್ಕೆ 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪು ನೋಡಿ. ಗಂಡನ ಕೈಗೆ ಬರೋ ಸಂಬಳ ತಿಂಗಳಿಗೆ ಸುಮಾರು 95 ಸಾವಿರ. ಕಲ್ಕತ್ತಾ ಹೈಕೋರ್ಟ್ ಜೀವನಾಂಶವನ್ನ 16 ಸಾವಿರದಿಂದ 23 ಸಾವಿರಕ್ಕೆ ಏರಿಸಿತ್ತು. ನಿವ್ವಳ ಸಂಬಳದ ಶೇಕಡಾ 25 ಕೊಡೋದು ನ್ಯಾಯವೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದ್ರೆ ಅವರು ಮತ್ತೆ ಮದುವೆ ಆಗಿದ್ದಾರೆ, ಆ ಮದುವೆಯಿಂದ ಮಗು ಇದೆ, ಅದನ್ನೂ ಸಾಕಬೇಕು ಅಂತ ಪರಿಗಣಿಸಿ 20 ಸಾವಿರಕ್ಕೆ ಇಳಿಸಿತು. ಹೊಸ ಸಂಸಾರದ ಲೆಕ್ಕಕ್ಕೆ ಸಿಕ್ಕಿದ್ದು 3 ಸಾವಿರದ ರಿಯಾಯಿತಿ. ಈ 25 ಅನ್ನೋದು ಎಲ್ಲ ಕೇಸಿಗೂ ಅನ್ವಯಿಸೋ ಸೂತ್ರ ಅಲ್ಲ ಅನ್ನೋದೂ ನೆನಪಿರಲಿ.

ಇನ್ನೊಂದು ವಿಷಯ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯ ಪ್ರಕಾರ ಜೀವನಾಂಶದ ಕೇಸಿನಲ್ಲಿ ಎರಡೂ ಕಡೆಯವರು ಆಸ್ತಿ, ಸಾಲ, ಆದಾಯದ ಅಫಿಡವಿಟ್ ಹಾಕಬೇಕು. ಸಂಬಳ, ಬೋನಸ್, ಷೇರು, ಮನೆ ಸಾಲ ಎಲ್ಲವೂ ಅಲ್ಲಿಗೆ ಬರುತ್ತೆ. ಕಡಿಮೆ ಮಾಡಿ ಅಂತ ಕೇಳೋಕೆ ಹೋದಾಗ, ಹಳೇ ಆದೇಶದ ನಂತರ ನಿಮ್ಮ ಪ್ಯಾಕೇಜ್ ಎಷ್ಟು ಏರಿದೆ ಅನ್ನೋದೂ ಹೊರಗೆ ಬರುತ್ತೆ.

ಮಗುವಿನ ಹಣ ಬೇರೆ, ಅಮ್ಮನ ಹಣ ಬೇರೆ

ಜನ ಹೆಚ್ಚು ಗೊಂದಲ ಮಾಡ್ಕೊಳ್ಳೋದು ಇಲ್ಲೇ. ಮಾಜಿ ಹೆಂಡತಿ ಮರುಮದುವೆ ಆದ್ರೆ ಆಕೆಯ ಜೀವನಾಂಶ ನಿಲ್ಲಬಹುದು. ಮಗುವಿನದ್ದು ನಿಲ್ಲಲ್ಲ. ಆಕೆ ಇನ್ನೊಬ್ಬರನ್ನ ಮದುವೆ ಆಗಿದ್ದಾಳೆ, ಮಗು ಇನ್ನೊಬ್ಬ ಅಪ್ಪನಿಗೆ ಹುಟ್ಟಲಿಲ್ಲವಲ್ಲ!

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಸೆಕ್ಷನ್ 20ರ ಪ್ರಕಾರ ಅಪ್ರಾಪ್ತ ಮಕ್ಕಳನ್ನ ಸಾಕೋ ಹೊಣೆ ಹೆತ್ತ ತಂದೆ ತಾಯಿಯದ್ದು. ಮದುವೆಯಾಗದ, ಸ್ವಂತ ಆದಾಯ ಇಲ್ಲದ ಮಗಳಿಗೆ ಈ ಹಕ್ಕು 18ರ ನಂತರವೂ ಇರುತ್ತೆ. ಆಸ್ತಿಯಲ್ಲೂ ಅಷ್ಟೇ. ಮೊದಲ ಮದುವೆಯ ಮಗು, ಎರಡನೇ ಮದುವೆಯ ಮಗುವಿನಂತೆಯೇ ಅಪ್ಪನ ಮೊದಲ ದರ್ಜೆಯ ವಾರಸುದಾರ.

ಹಾಗಾಗಿ ನಿಮ್ಮ ಆದೇಶದ ಪ್ರತಿ ತೆಗೆದು ಓದಿ. ಹೆಂಡತಿಗೆ ಇಷ್ಟು, ಮಗುವಿಗೆ ಇಷ್ಟು ಅಂತ ಬೇರೆ ಬೇರೆ ಬರೆದಿದ್ರೆ ಲೆಕ್ಕ ಸುಲಭ. "ಇಬ್ಬರಿಗೂ ಸೇರಿ 30 ಸಾವಿರ" ಅಂತ ಇದ್ರೆ ಅದನ್ನ ಬಿಡಿಸೋದು ಕೋರ್ಟಿನ ಕೆಲಸ. ನಾವೇ ಅರ್ಧ ಮಾಡಿ 15 ಕಳಿಸೋ ಹಾಗಿಲ್ಲ.

ಮಗು ಯಾರ ಹತ್ರ?

"ಅವಳು ಇನ್ನೊಂದು ಮದುವೆ ಆದ್ಳು, ಮಗು ನಮಗೆ ಬರುತ್ತೆ" ಅಂತ ಅಜ್ಜ ಅಜ್ಜಿ ಊರಲ್ಲಿ ಕೂತು ತೀರ್ಮಾನ ಮಾಡಿಬಿಡ್ತಾರೆ. ಕಾನೂನು ಹಾಗೆ ನೋಡಲ್ಲ. ಮರುಮದುವೆ ಅನ್ನೋದೊಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನ ಕಿತ್ತುಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅಳತೆಗೋಲು ಒಂದೇ, ಮಗುವಿನ ಹಿತ.

ಹಾಗಂತ ಸುಪರ್ದಿಯ ಆದೇಶ ಕಲ್ಲಿನ ಶಾಸನವೂ ಅಲ್ಲ. ಪರಿಸ್ಥಿತಿ ಬದಲಾದ್ರೆ ಅದನ್ನ ಮತ್ತೆ ಪರಿಶೀಲಿಸಬಹುದು. ಹೊಸ ಮನೆಯಲ್ಲಿ ಮಗು ಹೇಗಿದೆ, ಸ್ಕೂಲ್ ಬದಲಾಯ್ತಾ, ಮಲತಂದೆ ಅಥವಾ ಮಲತಾಯಿ ಜೊತೆ ಸಂಬಂಧ ಹೇಗಿದೆ, ತಿಳಿವಳಿಕೆ ಬಂದ ಮಗುವಾದ್ರೆ ಅದಕ್ಕೇನು ಇಷ್ಟ, ಇವೆಲ್ಲ ಅಲ್ಲಿ ಪ್ರಶ್ನೆ ಆಗುತ್ತೆ. ಅಪ್ಪ ಮರುಮದುವೆ ಆದಾಗಲೂ ಇದೇ ಪ್ರಶ್ನೆಗಳು.

ಮದುವೆ ಆದ ಮೇಲೆ ಬೇರೆ ಊರಿಗೋ ಅಮೆರಿಕಕ್ಕೋ ಹೋಗಬೇಕಾಗಿ ಬಂದ್ರೆ ನಿಜವಾದ ಪರೀಕ್ಷೆ ಶುರು. ತಿಂಗಳಿಗೆ ಎರಡು ಭಾನುವಾರ ಅಪ್ಪ ಮಗುವನ್ನ ನೋಡಬೇಕು ಅಂತ ಆದೇಶ ಇರುವಾಗ ಹೇಳದೆ ಕೇಳದೆ ಊರು ಬದಲಾಯಿಸಿದ್ರೆ ಅದು ಆದೇಶ ಉಲ್ಲಂಘನೆ ಆಗುತ್ತೆ. ಮೊದಲು ಕೋರ್ಟಿಗೆ ಹೋಗಿ ಭೇಟಿಯ ವೇಳಾಪಟ್ಟಿ ಬದಲಾಯಿಸಿಕೊಳ್ಳಿ. ಭಾನುವಾರದ ಬದಲು ಬೇಸಿಗೆ ರಜೆ, ದಸರಾ ರಜೆ ಅಂತ ಕೇಳಬಹುದು. ದೂರ ಇರೋ ಪೋಷಕರಿಗೆ ವಿಡಿಯೋ ಕಾಲ್‌ನಲ್ಲಿ ಮಗುವಿನ ಜೊತೆ ಮಾತಾಡೋ ಅವಕಾಶ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಮಲತಂದೆ ಎಷ್ಟೇ ಪ್ರೀತಿಯಿಂದ ನೋಡ್ಕೊಂಡ್ರೂ ಕಾನೂನಿನ ಕಣ್ಣಲ್ಲಿ ತಾನಾಗಿ ಗಾರ್ಡಿಯನ್ ಆಗಲ್ಲ. ಆ ಸ್ಥಾನ ಬೇಕು ಅಂದ್ರೆ ವಿಧಿವತ್ತಾಗಿ ದತ್ತು ತಗೋಬೇಕು, ಅದಕ್ಕೆ ಹೆತ್ತ ಅಪ್ಪನ ಒಪ್ಪಿಗೆ ವಿಷಯ ಬರುತ್ತೆ.

ಒಂದೇ ಸಲ ಕೊಟ್ಟ ದುಡ್ಡು, ಮತ್ತೆ ಮದುವೆಯ ದಿನಾಂಕ

ಪರಸ್ಪರ ಒಪ್ಪಿಗೆಯ ಡಿವೋರ್ಸಲ್ಲಿ ಒಂದೇ ಸಲಕ್ಕೆ 20 ಲಕ್ಷನೋ 30 ಲಕ್ಷನೋ ಕೊಟ್ಟು ಮುಗಿಸಿದ್ರೆ, ಮುಂದಿನ ವರ್ಷ ಆಕೆ ಮದುವೆ ಆದ್ಳು ಅಂತ ಅದನ್ನ ವಾಪಸ್ ಕೇಳೋದು ಸಾಮಾನ್ಯವಾಗಿ ನಡೆಯಲ್ಲ. ಲೆಕ್ಕ ಚುಕ್ತಾ ಅಂದ್ರೆ ಚುಕ್ತಾ. ಕಂತಿನಲ್ಲಿ ಕೊಡೋ ಒಪ್ಪಂದ ಆಗಿದ್ರೆ, ಮರುಮದುವೆ ಆದ್ರೆ ಉಳಿದ ಕಂತು ಏನಾಗುತ್ತೆ ಅಂತ ಸಹಿ ಹಾಕೋ ಮೊದಲೇ ಬರೆಸಿಕೊಳ್ಳಿ.

ಮರುಮದುವೆ ಆಗೋರಿಗೂ ಒಂದು ಮಾತು. ಪರಸ್ಪರ ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ. ಆದ್ರೆ ಜಗಳ ಆಡಿ ಪಡೆದ ಡಿಕ್ರಿ ಆದ್ರೆ ಮೇಲ್ಮನವಿಯ ಅವಧಿ ಮುಗಿಯಬೇಕು. ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲಿ 30 ದಿನ, ಹಿಂದೂ ವಿವಾಹ ಕಾಯ್ದೆಯಲ್ಲಿ 90 ದಿನ ಅಂತ ಇದೆ. ಬಾಂಬೆ ಹೈಕೋರ್ಟಿನ ಪೂರ್ಣಪೀಠ 90 ದಿನ ಅಂತಾನೇ ಹೇಳಿದೆ. ಛತ್ರ ಬುಕ್ ಮಾಡೋ ಮೊದಲು ಆ 90 ದಿನ ಕಳೆಯಲಿ, ಮೇಲ್ಮನವಿ ಬಂದಿಲ್ಲ ಅಂತ ಖಚಿತ ಮಾಡ್ಕೊಳ್ಳಿ. ಡಿಕ್ರಿಯೇ ಇಲ್ಲದೆ ಬರೀ ಬೇರೆ ಇದ್ದೀವಿ ಅಂತ ಮದುವೆ ಆದ್ರೆ ಅದು ಮರುಮದುವೆ ಅಲ್ಲ, ದ್ವಿಪತ್ನಿತ್ವದ ಅಪರಾಧ.

ಹಾಗಾದ್ರೆ ಏನು ಮಾಡಬೇಕು?

ಜೀವನಾಂಶದ ಬದಲಾವಣೆಗೆ, ಆದೇಶ ಕೊಟ್ಟ ಕೋರ್ಟಲ್ಲೇ ಅರ್ಜಿ ಹಾಕಬೇಕು. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಸುಪರ್ದಿ ಕೇಳೋದಾದ್ರೆ ಮಗು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೋ ಆ ಊರಿನ ಕೋರ್ಟ್. ಮದುವೆಯ ನೋಂದಣಿ ಪತ್ರ ಅಥವಾ ಬೇರೆ ದಾಖಲೆ, ಇಲ್ಲಿವರೆಗೆ ಹಣ ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್, ಮೂಲ ಆದೇಶದ ಪ್ರಮಾಣಿತ ಪ್ರತಿ, ಇಷ್ಟು ಇಟ್ಕೊಂಡು ವಕೀಲರ ಹತ್ರ ಹೋಗಿ. ಹೊಸ ಆದೇಶ ಕೈಗೆ ಬರೋವರೆಗೆ ಹಳೇದನ್ನ ಪಾಲಿಸ್ತಾ ಇರಿ.

ಕೋರ್ಟಲ್ಲಿ ಸೋಲು ಗೆಲುವು ದೊಡ್ಡವರದ್ದು. ಈ ತಿಂಗಳ ಹಣ ಬಂತಾ, ಭಾನುವಾರ ಅಪ್ಪ ಬಂದ್ರಾ ಅಂತ ಕಾಯೋದು ಮಾತ್ರ ಮಗು. ಟ್ರಾನ್ಸ್‌ಫರ್ ನಿಲ್ಲಿಸೋ ಮುಂಚೆ ಅಷ್ಟು ನೆನಪಿರಲಿ.