ಹಬ್ಬ ನಾಳೆಯೋ, ನಾಡಿದ್ದೋ?

ರಂಜಾನ್ ತಿಂಗಳ ಕೊನೆಗೆ ಬಂದಾಗ ಮುಸ್ಲಿಮರಲ್ಲದವರು ನೆರೆಮನೆಯವರನ್ನು ಕೇಳುವ ಮೊದಲ ಪ್ರಶ್ನೆ, ಹಬ್ಬ ಯಾವತ್ತು ಎಂಬುದು. ಚಂದ್ರ ಕಂಡರೆ ನಾಳೆ, ಇಲ್ಲವಾದರೆ ನಾಡಿದ್ದು ಎಂಬ ಉತ್ತರ ಕೇಳಿದ ಮೇಲೆ ಎರಡನೆಯ ಪ್ರಶ್ನೆಯೊಂದು ಮನಸ್ಸಿನಲ್ಲೇ ಉಳಿಯುತ್ತದೆ: ಗ್ರಹಣ ಹಿಡಿಯುವ ನಿಮಿಷವನ್ನು ವರ್ಷಗಳ ಮೊದಲೇ ಹೇಳಬಲ್ಲ ಕಾಲದಲ್ಲಿ ಹಬ್ಬದ ದಿನ ಹಿಂದಿನ ಸಂಜೆಯವರೆಗೂ ಗೊತ್ತಾಗದಿರುವುದು ಏಕೆ? ಸಂಕೋಚದಿಂದ ಯಾರೂ ಬಾಯಿಬಿಟ್ಟು ಕೇಳದ ಈ ಪ್ರಶ್ನೆಯೇ ನಿಜಕ್ಕೂ ಕೇಳಬೇಕಾದದ್ದು. ಈ ಅನಿಶ್ಚಿತತೆ ಲೆಕ್ಕ ಬಾರದ್ದರಿಂದ ಬಂದದ್ದಲ್ಲ. ತಿಂಗಳು ಹುಟ್ಟಬೇಕಾದರೆ ಯಾರಾದರೂ ಚಂದ್ರನನ್ನು ಕಂಡು ಸಾಕ್ಷಿ ನುಡಿಯಬೇಕು ಎಂಬ ನಿಯಮದಿಂದ ಬಂದದ್ದು. ಆ ಸಾಕ್ಷ್ಯವನ್ನು ತೂಗಿ ನೋಡುವ ಪುಟ್ಟ ನ್ಯಾಯಪೀಠವೇ ಚಂದ್ರದರ್ಶನ ಸಮಿತಿ, ಊರವರ ಮಾತಿನಲ್ಲಿ ಹಿಲಾಲ್ ಕಮಿಟಿ.

ಪಂಚಾಂಗ ಬಲ್ಲ ಕನ್ನಡಿಗರಿಗೆ ಇದರಲ್ಲಿ ಅರ್ಧ ಪರಿಚಿತವೇ. ಹನ್ನೆರಡು ಚಾಂದ್ರಮಾಸ ಕೂಡಿದರೆ ಸುಮಾರು 354 ದಿನ. ಸೌರವರ್ಷಕ್ಕೆ ಹನ್ನೊಂದು ದಿನ ಕಡಿಮೆ. ನಮ್ಮ ಚಾಂದ್ರಮಾನ ಪಂಚಾಂಗ 32–33 ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸಿ ಕೊರತೆ ತುಂಬಿಕೊಳ್ಳುತ್ತದೆ, ಆದ್ದರಿಂದ ಯುಗಾದಿ ಎಂದೂ ಮಳೆಗಾಲಕ್ಕೆ ಜಾರುವುದಿಲ್ಲ. ಇಸ್ಲಾಮಿಗೆ ಮೊದಲು ಅರಬರಲ್ಲೂ ತಿಂಗಳುಗಳನ್ನು ಹೀಗೆ ಹಿಂದುಮುಂದು ಮಾಡುವ ರೂಢಿಯಿತ್ತು. ಅದಕ್ಕೆ ನಸೀ ಎಂದು ಹೆಸರು. ಪವಿತ್ರ ತಿಂಗಳುಗಳನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳುವ ದಾರಿ ಇದೆಂದು ಕುರಾನಿನ 9ನೇ ಅಧ್ಯಾಯ ಅದನ್ನು ನಿಷೇಧಿಸಿತು. ಅಂದಿನಿಂದ ಮುಸ್ಲಿಮರ ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲ, ರಂಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬೇಸಿಗೆಯ ಉದ್ದ ಹಗಲಿನ ಉಪವಾಸ ಯಾವುದೋ ಒಂದೇ ನಾಡಿನ, ಒಂದೇ ತಲೆಮಾರಿನ ಪಾಲಿಗೆ ಉಳಿಯುವುದಿಲ್ಲ. ಗ್ರಂಥ ಕೊಡುವ ಕಾರಣ ಇದಲ್ಲವಾದರೂ ಆಗಿರುವ ಅನುಕೂಲ ಇದೇ.

ಬೇರೆಯಾಗುವುದು ಉಳಿದರ್ಧದಲ್ಲಿ. ಅಮಾವಾಸ್ಯೆ ಮುಗಿದ ಗಳಿಗೆಯಿಂದ ಪಂಚಾಂಗಕ್ಕೆ ಪಾಡ್ಯ ಶುರು, ಯಾರು ನೋಡಲಿ ಬಿಡಲಿ. ಹಿಜರಿ ತಿಂಗಳಿಗೆ ಅಷ್ಟು ಸಾಲದು. ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಎಳೆಚಂದ್ರ ಕಾಣಬೇಕು. ತಿಂಗಳ 29ನೆಯ ಸಂಜೆ ಕಂಡರೆ ಹೊಸ ತಿಂಗಳು, ಕಾಣದಿದ್ದರೆ 30 ತುಂಬಿಸಬೇಕು. ಎಂದರೆ ಅನುಮಾನ ಎಷ್ಟೇ ಇರಲಿ, ಅದು ಒಂದು ದಿನವನ್ನು ಮೀರುವುದಿಲ್ಲ. ಸಾಕ್ಷ್ಯದ ನಿಯಮಗಳು ಕೋರ್ಟಿನವರೂ ಮೆಚ್ಚುವಷ್ಟು ಸೂಕ್ಷ್ಮ. ಹನಫಿ ಪಂಥದಲ್ಲಿ ಮೋಡ ಕವಿದಿದ್ದರೆ ಉಪವಾಸ ಹಿಡಿಯಲು ನಂಬಿಕಸ್ಥನೊಬ್ಬನ ಮಾತು ಸಾಕು, ಹಬ್ಬ ಮಾಡಲು ಇಬ್ಬರು ಬೇಕು. ವ್ರತ ಹಿಡಿಯುವುದಕ್ಕಿಂತ ಬಿಡುವುದಕ್ಕೆ ಹೆಚ್ಚು ಪುರಾವೆ! ಆಕಾಶ ತಿಳಿಯಾಗಿದ್ದರೆ ಒಬ್ಬಿಬ್ಬರ ಮಾತು ನಡೆಯುವುದೇ ಇಲ್ಲ, ಬಹಳ ಮಂದಿ ಕಂಡಿರಬೇಕು. ಎಲ್ಲರ ಕಣ್ಣಿಗೂ ಬೀಳಬೇಕಾದದ್ದು ಒಬ್ಬನಿಗೇ ಕಂಡಿತೆಂದರೆ ಅನುಮಾನಿಸಬೇಕಾದದ್ದು ಅವನನ್ನೇ.

ಹಾಗಾದರೆ ಒಂದೇ ರಾಜ್ಯದಲ್ಲಿ ಮಂಗಳೂರಿಗೊಂದು ದಿನ, ಬೆಂಗಳೂರಿಗೊಂದು ದಿನ ಹಬ್ಬವಾಗುವುದು ಸರಿಯೇ ಎಂಬ ಆಕ್ಷೇಪವಿದೆ. 2024 ಇದಕ್ಕೆ ಒಳ್ಳೆಯ ನಿದರ್ಶನ. ಆ ಏಪ್ರಿಲ್ 8ರಂದು ಅಮೆರಿಕದಲ್ಲಿ ಖಗ್ರಾಸ ಸೂರ್ಯಗ್ರಹಣ. ನಮ್ಮ ಗಡಿಯಾರದಲ್ಲಿ ನಡುರಾತ್ರಿಯ ಹೊತ್ತಿಗೆ ಅಮಾವಾಸ್ಯೆ ಮುಗಿದಿತ್ತು. 9ರಂದು ಯುಗಾದಿ, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆ ಸಂಜೆ ಚಂದ್ರನಿಗೆ ಬರೀ ಹತ್ತೊಂಬತ್ತು ಗಂಟೆಯ ವಯಸ್ಸು, ಕಂಡರೂ ಕಾಣಬಹುದು ಎನ್ನುವಂಥ ಸ್ಥಿತಿ. ಕೇರಳದ ಕರಾವಳಿಯಲ್ಲಿ ಕಂಡಿತೆಂದು ಅಲ್ಲಿನ ಖಾಜಿಗಳು ಒಪ್ಪಿದರು. ಶಾಫಿ ಪಂಥದ ಬ್ಯಾರಿಗಳು ಹೆಚ್ಚಿರುವ ದಕ್ಷಿಣ ಕನ್ನಡ, ಉಡುಪಿಗಳಲ್ಲಿ 10ರಂದೇ ಪೆರ್ನಾಲ್, ಎಂದರೆ ಈದ್, ಆಯಿತು. ಒಳನಾಡು 30 ತುಂಬಿಸಿ 11ರಂದು ಈದ್ ಮಾಡಿತು. ಇದನ್ನು ಗೊಂದಲವೆನ್ನುವವರಿಗೆ ಕಾರಣವಿದೆ. ಆದರೆ ಎರಡೂ ಕಡೆ ನಿಯಮ ಮುರಿಯಲಿಲ್ಲ. ತಮ್ಮ ಮುಂದೆ ಬಂದ ಸಾಕ್ಷ್ಯಕ್ಕೆ ತಕ್ಕಂತೆ ತೀರ್ಪು ಕೊಟ್ಟರು. ಒಂದೂರಿನ ದರ್ಶನ ಎಷ್ಟು ದೂರದವರೆಗೆ ಸಲ್ಲುತ್ತದೆ ಎಂಬುದು ಪಂಥಗಳ ನಡುವೆ ಹಳೆಯ ವಾದ.

ಇನ್ನೂ ಗಟ್ಟಿಯಾದ ಆಕ್ಷೇಪ ಗಣಿತದವರದು, ಅದು ಹೊರಗಿನವರದಷ್ಟೇ ಅಲ್ಲ. ದಿನದ ಐದು ನಮಾಜುಗಳ ಹೊತ್ತು ಸೂರ್ಯನ ಚಲನೆಯ ಮೇಲೆ ನಿಂತಿದೆ. ಆದರೂ ಮಸೀದಿಯಲ್ಲಿ ಅಚ್ಚು ಹಾಕಿಸಿದ ವೇಳಾಪಟ್ಟಿ ತೂಗುಹಾಕಿರುತ್ತಾರೆ, ನೆರಳು ಅಳೆಯಲು ಯಾರೂ ಅಂಗಳಕ್ಕೆ ಇಳಿಯುವುದಿಲ್ಲ. ಸೂರ್ಯನಿಗೆ ಸಲ್ಲುವ ಲೆಕ್ಕ ಚಂದ್ರನಿಗೇಕೆ ಸಲ್ಲದು? 13ನೇ ಶತಮಾನದಲ್ಲೇ ಈಜಿಪ್ಟಿನ ನ್ಯಾಯಶಾಸ್ತ್ರಜ್ಞ ಅಲ್ ಕರಾಫಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ: ನಮಾಜಿಗೆ ವಿಧಿ ಕಟ್ಟಿರುವುದು ಹೊತ್ತಿಗೆ, ಉಪವಾಸಕ್ಕೆ ಕಟ್ಟಿರುವುದು ನೋಟಕ್ಕೆ. 1939ರಲ್ಲಿ ಅದೇ ಈಜಿಪ್ಟಿನ ವಿದ್ವಾಂಸ ಅಹ್ಮದ್ ಶಾಕಿರ್ ಎದುರು ವಾದ ಹೂಡಿದ. ಪ್ರವಾದಿಯ ಕಾಲದ ಜನರಿಗೆ ಲೆಕ್ಕ ತಿಳಿಯದಿದ್ದುದರಿಂದ ಕಣ್ಣಿನ ನಿಯಮ ಬಂತು. ಕಾರಣ ಹೋದ ಮೇಲೆ ನಿಯಮವೂ ಬದಲಾಗಬೇಕು ಎಂಬುದು ಅವನ ನಿಲುವು. ಟರ್ಕಿ ಇಂದು ಗಣಿತವನ್ನೇ ಅನುಸರಿಸುತ್ತದೆ, ಉತ್ತರ ಅಮೆರಿಕದ ಫಿಕ್ಹ್ (ಇಸ್ಲಾಮಿ ನ್ಯಾಯಶಾಸ್ತ್ರ) ಕೌನ್ಸಿಲ್ ಕೂಡ. ನೋಟ ಮತ್ತು ಗಣಿತ, ಇವೆರಡರ ನಡುವೆ ಒಂದು ದಾರಿಯೂ ಇದೆ: ಚಂದ್ರ ಸೂರ್ಯನಿಗಿಂತ ಮೊದಲೇ ಮುಳುಗುವ ಸಂಜೆ ಚಂದ್ರನನ್ನು ಕಂಡೆ ಎಂದು ಬಂದವನನ್ನು ಲೆಕ್ಕ ತೋರಿಸಿ ವಾಪಸು ಕಳಿಸುವುದು, ಉಳಿದದ್ದನ್ನು ಕಣ್ಣಿಗೇ ಬಿಡುವುದು. ನನಗೆ ಒಪ್ಪಿಗೆಯಾಗುವುದು ಇದೇ. ಲೆಕ್ಕ ಸುಳ್ಳು ಸಾಕ್ಷಿಯನ್ನು ತಡೆಯಬಲ್ಲದು. ಆದರೆ ಊರಿನ ಜನ ಮಾಳಿಗೆ ಹತ್ತಿ ಪಡುವಣಕ್ಕೆ ಕಣ್ಣು ನೆಟ್ಟು ತಮ್ಮ ತಿಂಗಳನ್ನು ತಾವೇ ಬರಮಾಡಿಕೊಳ್ಳುವ ಕೆಲಸವನ್ನು ಅದರಿಂದ ಮಾಡಲಾಗದು.

ಕಚೇರಿ, ಶಾಲೆಗಳಿಗೆ ತೊಂದರೆಯಲ್ಲವೇ ಎನ್ನುವವರು ಕರ್ನಾಟಕ ಸರ್ಕಾರದ ರಜಾಪಟ್ಟಿಯ ಕೆಳಗಿನ ಟಿಪ್ಪಣಿ ಓದಬೇಕು. ಮುಸ್ಲಿಮರ ಹಬ್ಬ ನಿಗದಿತ ದಿನಕ್ಕೆ ಬೀಳದಿದ್ದರೆ ಆ ಸಮುದಾಯದ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದು ಎಂದು ಅಲ್ಲಿ ಬರೆದಿರುತ್ತದೆ. ಇನ್ನು 2030ರ ಕ್ಯಾಲೆಂಡರ್ ಅಚ್ಚು ಹಾಕುವವರಿಗೆ ಒಂದು ಮಾತು: ಆ ವರ್ಷ ರಂಜಾನ್ ಉಪವಾಸ ಜನವರಿಯಲ್ಲಿ ಒಮ್ಮೆ ಶುರುವಾಗುತ್ತದೆ, ಡಿಸೆಂಬರ್ ಕೊನೆಯಲ್ಲಿ ಮತ್ತೊಮ್ಮೆ.